ಎರಡು ಕಿಡಿಗಳ ಎಂಜಿನ್

(ಶಾಲೆಯ ಶತಮಾನೋತ್ಸವ ಉಪನ್ಯಾಸ ಮಾಲೆಯಲ್ಲಿ ರಾಷ್ಟ್ರೀಯ ವಿಜ್ಞಾನ ದಿನದಂದು ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣದ ಲಿಖಿತ ರೂಪ)



ಶತಮಾನೋತ್ಸವ ಸಮಿತಿಯವರು ನಮಗೆ ಈ ಉಪನ್ಯಾಸದ ಹೊಣೆಯನ್ನು ಒಪ್ಪಿಸಿದಾಗ ಒಂದು ಮಾತನ್ನು ಸೂಚಿಸಿದ್ದರು. ವಿಜ್ಞಾನದ ವಿಷಯವಾಗಿರಲಿ, ಆದರೆ ನಮ್ಮ ಊರುಗಳ ದುಡಿಮೆಗೆ ಹತ್ತಿರವಾದದ್ದಾಗಿರಲಿ ಎಂಬುದೇ ಆ ಮಾತು. ನಮ್ಮ ಮಕ್ಕಳ ತಂದೆಯರಲ್ಲಿ ಕೆಲವರು ಶಿರೋಳಿ, ಗೋಕುಳ ಶಿರಗಾಂವಗಳ ಎರಕದ ಕಾರ್ಖಾನೆಗಳಲ್ಲಿ ಎಂಜಿನ್ನಿನ ಭಾಗಗಳನ್ನು ಎರಕ ಹೊಯ್ಯುತ್ತಾರೆ. ಕೆಲವರು ಇಚಲಕರಂಜಿಯಲ್ಲಿ ಮಗ್ಗ ನಡೆಸುತ್ತಾರೆ. ಗಡಹಿಂಗ್ಲಜದ ಕಡೆಯವರು ಕಬ್ಬು ಬೆಳೆಯುತ್ತಾರೆ. ಈ ಮೂರೂ ಕೆಲಸಗಳನ್ನು ಬಲ್ಲವರಿಗೆ ಸುಲಭವಾಗಿ ತಿಳಿಯುವ, ಆದರೆ ಆಕಾಶಕ್ಕೆ ಸಂಬಂಧಿಸಿದ ಒಂದು ಪ್ರಶ್ನೆಯನ್ನು ನಾವು ಆರಿಸಿಕೊಂಡಿದ್ದೇವೆ. ಸಣ್ಣ ವಿಮಾನದ ಎಂಜಿನ್ನಿಗೆ ಕಿಡಿ ಕೊಡುವ ಕೆಲಸವನ್ನು ಹಳೆಯ ಮ್ಯಾಗ್ನೆಟೊಗೆ ಒಪ್ಪಿಸಬೇಕೆ, ಹೊಸ ಎಲೆಕ್ಟ್ರಾನಿಕ್ ಇಗ್ನಿಷನ್ನಿಗೆ ಒಪ್ಪಿಸಬೇಕೆ ಎಂಬುದೇ ಆ ಪ್ರಶ್ನೆ.

ವಿಮಾನಕ್ಕೂ ನಮ್ಮ ಸೀಮೆಗೂ ಏನು ನಂಟು ಎಂದು ಯಾರಾದರೂ ಕೇಳಬಹುದು. ಕೊಲ್ಹಾಪುರದ ಉಜಳಾಯಿವಾಡಿಯಲ್ಲಿ ಛತ್ರಪತಿ ರಾಜಾರಾಮ ಮಹಾರಾಜರ ಕಾಲದಲ್ಲಿ, 1939ರಷ್ಟು ಹಿಂದೆಯೇ, ವಿಮಾನ ನಿಲ್ದಾಣ ತೆರೆಯಿತು. ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಆ ಕಂಪನಿಯಲ್ಲಿ ಭಾರತದ ಮೊದಲ ಸ್ವದೇಶಿ ತರಬೇತಿ ವಿಮಾನ ಎಚ್‌ಟಿ-2ರ ವಿನ್ಯಾಸ ತಂಡವನ್ನು ಮುನ್ನಡೆಸಿದವರು ಡಾ. ವಿಷ್ಣು ಮಾಧವ ಘಾಟಗೆಯವರು. ಅವರು ಹುಟ್ಟಿದ ಊರು ಗಡಹಿಂಗ್ಲಜ ಸೀಮೆಯ ಹಸೂರಚಂಪು. ಹಸೂರಚಂಪುವಿನಿಂದ ಹೊರಟು, ಜರ್ಮನಿಯ ಗಾಟಿಂಗೆನ್ನಿನಲ್ಲಿ ಲುಡ್ವಿಗ್ ಪ್ರಾಂಡ್ಟಲ್ ಅವರಂತಹ ವಿಜ್ಞಾನಿಯ ಶಿಷ್ಯರಾಗಿ, ಮರಳಿ ಬೆಂಗಳೂರಿಗೆ ಬಂದು ವಿಮಾನ ಕಟ್ಟಿದವರು ಅವರು. 1951ರ ಆಗಸ್ಟ್‌ನಲ್ಲಿ ಎಚ್‌ಟಿ-2 ಮೊದಲ ಬಾರಿಗೆ ಹಾರಿತು. 1965ರಲ್ಲಿ ಘಾಟಗೆಯವರಿಗೆ ಪದ್ಮಶ್ರೀ ಗೌರವ ಸಂದಿತು. ಆದ್ದರಿಂದ ಈ ವಿಷಯ ನಮ್ಮದೇ ಮನೆಯದು ಎಂದು ಹೇಳಿಕೊಳ್ಳಲು ನಮಗೆ ಸಂಕೋಚವಿಲ್ಲ.

ಮೊದಲು ಕಿಡಿಯ ಕೆಲಸವೇನೆಂಬುದನ್ನು ನೋಡೋಣ. ಬಾವಿಯ ನೀರೆತ್ತುವ ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಅಲ್ಲಿ ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖಕ್ಕೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಹಾಗಲ್ಲ. ಸ್ಕೂಟರಿನಂತೆಯೇ ಸಣ್ಣ ವಿಮಾನದ ಎಂಜಿನ್ನಿನಲ್ಲೂ ಪ್ರತಿ ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಸೇರುತ್ತದೆ, ಪಿಸ್ಟನ್ ಅದನ್ನು ಒತ್ತುತ್ತದೆ, ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ, ಮಿಶ್ರಣ ಉರಿದು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 2400 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಪ್ರತಿ ಸಿಲಿಂಡರಿಗೆ ಎರಡು ಸುತ್ತಿಗೆ ಒಂದು ಕಿಡಿ ಬೇಕು. ಅಂದರೆ ನಿಮಿಷಕ್ಕೆ 4800 ಕಿಡಿ, ಸೆಕೆಂಡಿಗೆ 80 ಕಿಡಿ. ಒಂಬತ್ತನೆಯ ತರಗತಿಯ ಮಕ್ಕಳು ಈ ಲೆಕ್ಕವನ್ನು ಮನೆಯಲ್ಲಿ ಮಾಡಿ ನೋಡಲಿ. ಒಂದು ಗಂಟೆಯ ಹಾರಾಟಕ್ಕೆ 2,88,000 ಕಿಡಿಗಳಾಗುತ್ತವೆ.

ಕಿಡಿ ಹಾರಿದರೆ ಸಾಲದು, ಸರಿಯಾದ ಗಳಿಗೆಯಲ್ಲಿ ಹಾರಬೇಕು. ಇಚಲಕರಂಜಿಯವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಮಗ್ಗದಲ್ಲಿ ಹಾಸಿನ ಎಳೆಗಳು ತೆರೆದ ಗಳಿಗೆಗೆ ಲಾಳಿ ಹಾಯಬೇಕು. ಸ್ವಲ್ಪ ಹಿಂದೆ ಮುಂದೆಯಾದರೂ ಎಳೆ ಹರಿಯುತ್ತದೆ. ಎಂಜಿನ್ನಿನಲ್ಲೂ ಹಾಗೆಯೇ. ಮಿಶ್ರಣ ಪೂರ್ತಿ ಉರಿಯಲು ಕೊಂಚ ಸಮಯ ಬೇಕಾಗುವುದರಿಂದ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ಬಹುತೇಕ ಸಣ್ಣ ವಿಮಾನಗಳ ಎಂಜಿನ್ನುಗಳಲ್ಲಿ ಈ ಮುಂಗಡ 20ರಿಂದ 25 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮಿತಿಮೀರಿ ಮೊದಲೇ ಹಾರಿದರೆ ಎಂಜಿನ್ನು ತನ್ನನ್ನೇ ತಾನು ಹಿಂದಕ್ಕೆ ಒದೆಯುತ್ತದೆ. ತಡವಾದರೆ ಶಕ್ತಿ ನಷ್ಟವಾಗಿ ಬಿಸಿ ಹೆಚ್ಚುತ್ತದೆ.

ಇನ್ನು ಮ್ಯಾಗ್ನೆಟೊದ ವಿಚಾರ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡ ತತ್ತ್ವವನ್ನು ನಮ್ಮ ಮಕ್ಕಳು ಹತ್ತನೆಯ ತರಗತಿಯಲ್ಲಿ ಓದುತ್ತಾರೆ. ತಂತಿಯ ಸುರುಳಿಯ ಬಳಿ ಅಯಸ್ಕಾಂತ ಚಲಿಸಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮ್ಯಾಗ್ನೆಟೊ ಎಂದರೆ ಇಷ್ಟೇ. ಎಂಜಿನ್ನಿನ ಹಲ್ಲಿನ ಚಕ್ರಗಳಿಗೆ ಜೋಡಿಸಿದ ಅಯಸ್ಕಾಂತ ತಿರುಗುತ್ತದೆ, ದಪ್ಪ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿಯುತ್ತದೆ. ತಕ್ಕ ಗಳಿಗೆಯಲ್ಲಿ ‘ಪಾಯಿಂಟ್’ ಎಂಬ ಪುಟ್ಟ ಸಂಪರ್ಕ ಬಿಚ್ಚಿಕೊಳ್ಳುತ್ತದೆ. ಆ ಹರಿವು ಥಟ್ಟನೆ ಕಡಿದಾಗ, ಸಾವಿರಾರು ಸುತ್ತುಗಳಿರುವ ಸಣ್ಣ ತಂತಿಯ ಸುರುಳಿಯಲ್ಲಿ ಹತ್ತು ಸಾವಿರ ವೋಲ್ಟಿಗೂ ಮಿಕ್ಕ ಒತ್ತಡ ಹುಟ್ಟಿ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗುತ್ತದೆ. ಜರ್ಮನಿಯ ರಾಬರ್ಟ್ ಬಾಷ್ 1887ರಲ್ಲಿ ನಿಂತ ಎಂಜಿನ್ನುಗಳಿಗೆ ಮ್ಯಾಗ್ನೆಟೊ ತಯಾರಿಸತೊಡಗಿದರು. ಅವರ ಕಾರ್ಖಾನೆಯ ಗಾಟ್ಲಾಬ್ ಹೊನೋಲ್ಡ್ 1902ರಲ್ಲಿ ಅಧಿಕ ವೋಲ್ಟಿನ ಮ್ಯಾಗ್ನೆಟೊವನ್ನು ಸಿದ್ಧಗೊಳಿಸಿದರು. 1903ರಲ್ಲಿ ರೈಟ್ ಸಹೋದರರ ವಿಮಾನ ಹಾರಿದಾಗ ಅದರ 12 ಅಶ್ವಶಕ್ತಿಯ ಎಂಜಿನ್ನಿನಲ್ಲೂ ಸರಳವಾದ ಒಂದು ಮ್ಯಾಗ್ನೆಟೊ ಇತ್ತು. ಚಾಲೂ ಮಾಡಲು ಬಳಸಿದ ಬ್ಯಾಟರಿಯನ್ನು ಅವರು ನೆಲದ ಮೇಲೆಯೇ ಬಿಟ್ಟು ಹಾರಿದರು. ಭಾರ ಎತ್ತಬೇಕಾದವನು ಬೇಡದ್ದನ್ನು ಇಳಿಸಿಯೇ ಹೋಗುತ್ತಾನೆ.

ಮ್ಯಾಗ್ನೆಟೊದ ಹಿರಿಮೆ ಇರುವುದು ಇಲ್ಲಿಯೇ. ಅದಕ್ಕೆ ಹೊರಗಿನಿಂದ ಏನೂ ಬೇಡ. ಬ್ಯಾಟರಿ ಸತ್ತರೂ, ಆಲ್ಟರ್ನೇಟರ್ ಕೆಟ್ಟರೂ, ಹೊಗೆ ಕಂಡು ಚಾಲಕ ವಿಮಾನದ ಇಡೀ ವಿದ್ಯುತ್ತನ್ನೇ ಆರಿಸಿಬಿಟ್ಟರೂ ಎಂಜಿನ್ನು ತಿರುಗುವವರೆಗೆ ಕಿಡಿ ನಿಲ್ಲದು. ನಮ್ಮ ಹಿರಿಯರು ಹಳೆಯ ಸ್ಕೂಟರುಗಳನ್ನು ಬ್ಯಾಟರಿ ಇಲ್ಲದೆ ಕಿಕ್ ಹೊಡೆದು ಚಾಲೂ ಮಾಡುತ್ತಿದ್ದುದು ಇದೇ ತತ್ತ್ವದಿಂದ. ಗಡಹಿಂಗ್ಲಜದ ಕಡೆಯವರು ಸಕ್ಕರೆ ಕಾರ್ಖಾನೆಯನ್ನು ನೆನೆದರೂ ಸಾಕು. ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆ ತನ್ನದೇ ಕಬ್ಬಿನ ಸಿಪ್ಪೆಯನ್ನು ಉರಿಸಿ, ಉಗಿ ಮಾಡಿ, ತನಗೆ ಬೇಕಾದ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಗಾಣ ತಿರುಗುತ್ತಿದ್ದರೆ ವಿದ್ಯುತ್ತು ಇರುತ್ತದೆ. ವಿದ್ಯುತ್ತು ಇದ್ದರೆ ಗಾಣ ತಿರುಗುತ್ತದೆ. ಮ್ಯಾಗ್ನೆಟೊದ ಬಾಳೂ ಹಾಗೆಯೇ.

ಘಾಟಗೆಯವರ ಎಚ್‌ಟಿ-2ರ ಎಂಜಿನ್ನಿನಲ್ಲಿ ಇಂತಹ ಎರಡು ಮ್ಯಾಗ್ನೆಟೊಗಳಿದ್ದವು. 1958ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ, ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ತರುಣರಿಗೆ ಹಾರಾಟ ಕಲಿಸಿದ ‘ಪುಷ್ಪಕ’ ವಿಮಾನವೂ ಅಂಥದ್ದೇ. ಅದರ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ನು ಸ್ಟಾರ್ಟರ್ ಮೋಟಾರ್ ಇಲ್ಲದ ಬಗೆಯದು. ಒಬ್ಬರು ಒಳಗೆ ಕುಳಿತು ಸ್ವಿಚ್ಚು ಹಾಕಿದರೆ ಇನ್ನೊಬ್ಬರು ಹೊರಗೆ ನಿಂತು ಕೈಯಿಂದ ಪ್ರೊಪೆಲರ್ ಎಳೆದು ಚಾಲೂ ಮಾಡುವುದು ಅದರ ರೂಢಿ. ಬ್ಯಾಟರಿಯ ಹಂಗೇ ಇಲ್ಲದೆ ಹಾರಬಲ್ಲ ವಿಮಾನ ಅದು.

ಎರಡು ಮ್ಯಾಗ್ನೆಟೊ ಏಕೆ ಎಂಬುದು ಮುಖ್ಯ ಪ್ರಶ್ನೆ. ಸ್ಕೂಟರ್ ನಿಂತರೆ ರಸ್ತೆಯ ಬದಿಗೆ ತಳ್ಳಿಕೊಂಡು ಹೋಗಬಹುದು. ಆಕಾಶಕ್ಕೆ ಬದಿ ಎಂಬುದಿಲ್ಲ. ಆದ್ದರಿಂದ ವಿಮಾನದ ಎಂಜಿನ್ನಿನ ಪ್ರತಿ ಸಿಲಿಂಡರಿಗೂ ಎರಡು ಪ್ಲಗ್ಗು, ಎರಡು ಬೇರೆ ಬೇರೆ ವಿದ್ಯುತ್ ಮಾರ್ಗ, ಎರಡು ಬೇರೆ ಬೇರೆ ಮೂಲ ಇರಬೇಕು, ಇಲ್ಲವೇ ಅಷ್ಟೇ ಭರವಸೆ ಕೊಡುವ ಬೇರೆ ಏರ್ಪಾಡು ಇರಬೇಕು ಎಂದು ವಿಮಾನ ನಿಯಮಗಳು ಕೇಳುತ್ತವೆ. ಹಾರುವ ಮುನ್ನ ಚಾಲಕ ನೆಲದ ಮೇಲೆಯೇ ಎಂಜಿನ್ನಿನ ವೇಗ ಏರಿಸಿ ಒಂದು ಮ್ಯಾಗ್ನೆಟೊವನ್ನು ಆರಿಸಿ ನೋಡುತ್ತಾನೆ, ಬಳಿಕ ಇನ್ನೊಂದನ್ನು. ಒಂದರ ಮೇಲೆ ಓಡುವಾಗ ಎಂಜಿನ್ನಿನ ಸುತ್ತು ಕೊಂಚ ಕುಸಿಯುತ್ತದೆ. ಆ ಕುಸಿತ ಕೈಪಿಡಿ ಹೇಳಿದ ಮಿತಿಯೊಳಗಿದ್ದರೆ ಮಾತ್ರ ಹಾರಾಟ. ಕುಸಿತ ಹೆಚ್ಚಾದರೂ ದೋಷ. ಕುಸಿತವೇ ಕಾಣದಿದ್ದರೂ ಅನುಮಾನ ಪಡಬೇಕು. ಏಕೆಂದರೆ ಮ್ಯಾಗ್ನೆಟೊವನ್ನು ಆರಿಸುವುದೆಂದರೆ ಅದನ್ನು ಒಂದು ತಂತಿಯ ಮೂಲಕ ಎಂಜಿನ್ನಿನ ಲೋಹಕ್ಕೆ ತಾಗಿಸುವುದು. ಆ ತಂತಿ ತುಂಡಾಗಿದ್ದರೆ ಸ್ವಿಚ್ಚು ‘ಆಫ್’ ಎಂದರೂ ಮ್ಯಾಗ್ನೆಟೊ ಎಚ್ಚರವಾಗಿಯೇ ಇರುತ್ತದೆ. ನಿಂತ ವಿಮಾನದ ಪ್ರೊಪೆಲರನ್ನು ಸುಮ್ಮನೆ ತಿರುಗಿಸಿದರೂ ಎಂಜಿನ್ನು ಹೊತ್ತಿಕೊಂಡು ಪ್ರಾಣಕ್ಕೆ ಕುತ್ತಾಗಬಹುದು. ಮಕ್ಕಳೇ, ಎಲ್ಲಿಯಾದರೂ ವಿಮಾನ ನೋಡಲು ಹೋದಾಗ ಪ್ರೊಪೆಲರಿಗೆ ಕೈ ಹಚ್ಚಬೇಡಿ. ಇಂದಿನ ಭಾಷಣದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನೇ ನೆನಪಿಡಿ.

ಇಷ್ಟೆಲ್ಲ ಗುಣವಿದ್ದರೆ ಬದಲಾಯಿಸುವ ಮಾತೇಕೆ? ಮ್ಯಾಗ್ನೆಟೊಗೆ ದೌರ್ಬಲ್ಯಗಳೂ ಇವೆ. ಪಾಯಿಂಟುಗಳು ಸವೆಯುತ್ತವೆ. ನಾವು ಮೊದಲು ಮಾಡಿದ ಲೆಕ್ಕದಂತೆ 500 ಗಂಟೆಗಳ ಹಾರಾಟದಲ್ಲಿ ಒಂದು ಮ್ಯಾಗ್ನೆಟೊ 14 ಕೋಟಿ 40 ಲಕ್ಷ ಕಿಡಿ ಹಾರಿಸಿರುತ್ತದೆ. ಪ್ರತಿ ಕಿಡಿಗೂ ಆ ಪುಟ್ಟ ಸಂಪರ್ಕ ಒಮ್ಮೆ ತೆರೆದು ಒಮ್ಮೆ ಮುಚ್ಚಿರುತ್ತದೆ. ಆದ್ದರಿಂದಲೇ ಪ್ರತಿ 500 ಗಂಟೆಗೆ ಒಮ್ಮೆ ಮ್ಯಾಗ್ನೆಟೊವನ್ನು ಬಿಚ್ಚಿ ಪರೀಕ್ಷಿಸಬೇಕೆಂದು ತಯಾರಕರು ಹೇಳುತ್ತಾರೆ. ಎಂಜಿನ್ನನ್ನು ಚಾಲೂ ಮಾಡುವಾಗ ಅಯಸ್ಕಾಂತ ನಿಧಾನವಾಗಿ ತಿರುಗುವುದರಿಂದ ಕಿಡಿ ದುರ್ಬಲವಾಗಿರುತ್ತದೆ. ಅದಕ್ಕಾಗಿ ಒಂದು ಸ್ಪ್ರಿಂಗನ್ನು ಅಳವಡಿಸಿರುತ್ತಾರೆ. ಅದು ಬಿಗಿದುಕೊಂಡು, ‘ಟಕ್’ ಎಂದು ಬಿಚ್ಚಿ, ಅಯಸ್ಕಾಂತವನ್ನು ಒಮ್ಮೆಲೇ ತಿರುಗಿಸಿ, ಕಿಡಿಯನ್ನು ಕೊಂಚ ತಡವಾಗಿ ಹಾರಿಸುತ್ತದೆ. ಬಹಳ ಎತ್ತರದಲ್ಲಿ ಗಾಳಿ ತೆಳುವಾದಾಗ ಮ್ಯಾಗ್ನೆಟೊದ ಒಳಗೇ ಕಿಡಿ ದಾರಿ ತಪ್ಪಿ ಹಾರುವ ಸಂಭವವೂ ಉಂಟು.

ಎಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಚಾಲೂ ಆದ ಮೇಲೆ ಮ್ಯಾಗ್ನೆಟೊಗೆ ಗೊತ್ತಿರುವುದು ಒಂದೇ ಗಳಿಗೆ. ನೆಲದ ಹತ್ತಿರ ಪೂರ್ಣ ಶಕ್ತಿಯಲ್ಲಿ ಏರುವಾಗಲೂ ಅದೇ 25 ಡಿಗ್ರಿ, ಎಂಟು ಸಾವಿರ ಅಡಿ ಎತ್ತರದಲ್ಲಿ ನಿರಾಳವಾಗಿ ಸಾಗುವಾಗಲೂ ಅದೇ 25 ಡಿಗ್ರಿ. ತೆಳುವಾದ ಮಿಶ್ರಣ ನಿಧಾನವಾಗಿ ಉರಿಯುತ್ತದೆ. ಅಂತಹ ಹೊತ್ತಿನಲ್ಲಿ ಕಿಡಿ ಇನ್ನೂ ಮುಂಚೆ ಹಾರಿದ್ದರೆ ಅದೇ ಇಂಧನದಿಂದ ಹೆಚ್ಚು ಕೆಲಸ ದೊರೆಯುತ್ತಿತ್ತು. ಇದು ಮ್ಯಾಗ್ನೆಟೊದ ಕೈಯಲ್ಲಾಗುವ ಕೆಲಸವಲ್ಲ.

ಎಲೆಕ್ಟ್ರಾನಿಕ್ ಇಗ್ನಿಷನ್ ಈ ಕೊರತೆಯನ್ನು ನೀಗುತ್ತದೆ. ಅದರಲ್ಲಿ ಸವೆಯುವ ಪಾಯಿಂಟುಗಳಿಲ್ಲ. ಸಂವೇದಕವೊಂದು ಎಂಜಿನ್ನಿನ ದಂಡ ಯಾವ ಕೋನದಲ್ಲಿದೆ ಎಂಬುದನ್ನು ಅರಿಯುತ್ತದೆ. ಒಳಹರಿವಿನ ಒತ್ತಡ, ವೇಗಗಳನ್ನು ನೋಡಿಕೊಂಡು ಕಿಡಿಯ ಗಳಿಗೆಯನ್ನು ಹಿಂದೆ ಮುಂದೆ ಮಾಡುವ ಬಗೆಗಳೂ ಇವೆ. ಕಿಡಿ ಬಲವಾಗಿರುವುದರಿಂದ ಚಳಿಯ ಬೆಳಗಿನಲ್ಲೂ ಎಂಜಿನ್ನು ಸುಲಭವಾಗಿ ಚಾಲೂ ಆಗುತ್ತದೆ, ಓಟ ನಯವಾಗುತ್ತದೆ, ಎತ್ತರದ ದೂರ ಪ್ರಯಾಣದಲ್ಲಿ ಇಂಧನ ಉಳಿಯುತ್ತದೆ. ನಮ್ಮ ಬೀದಿಯ ಬೈಕುಗಳು ಪಾಯಿಂಟು ಬಿಟ್ಟು ಸಿಡಿಐಗೆ ಬಂದು ಎಷ್ಟೋ ವರ್ಷಗಳಾದವು. ಮಳೆಗಾಲದಲ್ಲಿ ಪಾಯಿಂಟು ಒರೆಸುತ್ತ ಕೂರುವ ಕಾಟ ತಪ್ಪಿತೆಂದು ಯಾವ ಮೆಕ್ಯಾನಿಕನನ್ನು ಕೇಳಿದರೂ ಹೇಳುತ್ತಾನೆ.

ಆದರೆ ಎಲೆಕ್ಟ್ರಾನಿಕ್ ವ್ಯವಸ್ಥೆಗಳಲ್ಲಿ ಹಲವಕ್ಕೆ ಹೊರಗಿನ ವಿದ್ಯುತ್ತು ಬೇಕು. ಇಚಲಕರಂಜಿಯ ಮಗ್ಗದ ಮನೆಗಳು ಇದರ ಅರ್ಥವನ್ನು ಬಲ್ಲವು. ಕೈಮಗ್ಗ ನಿಧಾನ, ಆದರೆ ಕರೆಂಟು ಹೋದರೆ ನಿಲ್ಲುವುದಿಲ್ಲ. ಪವರ್‌ಲೂಮ್ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಬಟ್ಟೆ ನೇಯುತ್ತದೆ, ಆದರೆ ತಂತಿಯ ಆ ಕೊನೆಯಲ್ಲಿ ಏನಾದರೂ ಆದರೆ ಇಡೀ ಓಣಿ ಒಮ್ಮೆಲೇ ಮೌನವಾಗುತ್ತದೆ. ಮಗ್ಗ ನಿಂತರೆ ಅಂದಿನ ಕೂಲಿ ಹೋಗುತ್ತದೆ. ಗಗನದಲ್ಲಿ ಎಂಜಿನ್ನು ನಿಂತರೆ ಹೋಗುವುದು ಕೂಲಿಯಷ್ಟೇ ಅಲ್ಲ.

ಹಾಗಾದರೆ ಯಾವುದು ಸರಿ? ಈ ಪ್ರಶ್ನೆಯನ್ನು ನಮ್ಮ ದೇಶದ ವಿನ್ಯಾಸಕಾರರು ಹೇಗೆ ಬಿಡಿಸಿದರೆಂಬುದನ್ನು ನೋಡಿದರೆ ದಾರಿ ಕಾಣುತ್ತದೆ. ಬೆಂಗಳೂರಿನ ರಾಷ್ಟ್ರೀಯ ಅಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ‘ಹಂಸ’ ಎಂಬ ಎರಡು ಆಸನಗಳ ತರಬೇತಿ ವಿಮಾನವನ್ನು ರೂಪಿಸಿತು. 1993ರಲ್ಲಿ ಅದರ ಆರಂಭದ ಮಾದರಿ ಹಾರಿತು. ಆ ಹಂತದಲ್ಲಿ ಬಳಸಿದ್ದು ಅಮೆರಿಕೆಯ ಕಾಂಟಿನೆಂಟಲ್ ಎಂಜಿನ್ನು, ಪುಷ್ಪಕದ ಎಂಜಿನ್ನಿನ ಕುಲದ್ದೇ, ಮ್ಯಾಗ್ನೆಟೊದ್ದು. ಮುಂದೆ 750 ಕಿಲೋಗ್ರಾಂ ತೂಕದ ಮಿತಿಯ ಹಗುರ ವಿಮಾನದ ದರ್ಜೆಯಲ್ಲಿ ‘ಹಂಸ-3’ ರೂಪುಗೊಂಡಾಗ ಆಸ್ಟ್ರಿಯಾದ ರೋಟ್ಯಾಕ್ಸ್ 914 ಎಂಜಿನ್ನನ್ನು ಆರಿಸಿಕೊಂಡರು. ಇದರ ಕಿಡಿ ಎಲೆಕ್ಟ್ರಾನಿಕ್. 1998ರ ಮೇ 11ರಂದು ಹಂಸ-3 ಬೆಂಗಳೂರಿನಲ್ಲಿ ಪರೀಕ್ಷಾ ಹಾರಾಟ ನಡೆಸಿತು. ಪೋಖರಣದ ಪರೀಕ್ಷೆ ನಡೆದ ದಿನವೂ ಅದೇ. ಇವೆಲ್ಲದರ ನೆನಪಿಗಾಗಿ ಆ ದಿನವನ್ನು ರಾಷ್ಟ್ರೀಯ ತಂತ್ರಜ್ಞಾನ ದಿನವೆಂದು ಆಚರಿಸುತ್ತೇವೆ. ಬೇಸಿಗೆ ರಜೆಯಾದ್ದರಿಂದ ನಮ್ಮ ಮಕ್ಕಳಿಗೆ ಅದು ಗೊತ್ತಾಗದೆ ಹೋಗುತ್ತದೆ. 2000ದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಹಂಸ-3ಕ್ಕೆ ಪ್ರಮಾಣಪತ್ರ ಕೊಟ್ಟಿತು.

ಈ ಆಯ್ಕೆಯೊಳಗಿನ ಒಂದು ಸೂಕ್ಷ್ಮವನ್ನು ಗಮನಿಸಬೇಕು. ರೋಟ್ಯಾಕ್ಸ್ 914ರ ಕಿಡಿ ಎಲೆಕ್ಟ್ರಾನಿಕ್ ಆದರೂ ಅದು ವಿಮಾನದ ಬ್ಯಾಟರಿಯನ್ನು ನಂಬಿಲ್ಲ. ಎಂಜಿನ್ನಿನೊಳಗೇ, ತಿರುಗುವ ಅಯಸ್ಕಾಂತಗಳ ನಡುವೆ, ಕಿಡಿಗೆಂದೇ ಮೀಸಲಾದ ಸುರುಳಿಗಳಿವೆ. ಎರಡು ಕಿಡಿ ವ್ಯವಸ್ಥೆಗಳು, ಎರಡಕ್ಕೂ ಬೇರೆ ಬೇರೆ ವಿದ್ಯುತ್ ಮಾರ್ಗ. ಪಾಯಿಂಟು ಹೋಯಿತು, ಅಯಸ್ಕಾಂತದ ಸ್ವಾವಲಂಬನೆ ಉಳಿಯಿತು. ಆದರೆ ಅದೇ ಎಂಜಿನ್ನಿನ ಇಂಧನ ಪಂಪುಗಳು ವಿದ್ಯುತ್ತಿನಿಂದ ನಡೆಯುತ್ತವೆ. ಕಿಡಿ ಸ್ವತಂತ್ರವಾದ ಮಾತ್ರಕ್ಕೆ ಎಂಜಿನ್ನು ಸ್ವತಂತ್ರವಾಗದು. ಪೆಟ್ರೋಲು ಬಾರದ ಎಂಜಿನ್ನಿಗೆ ಎಷ್ಟು ಒಳ್ಳೆಯ ಕಿಡಿ ಇದ್ದರೇನು? ಆದ್ದರಿಂದ ಅಲ್ಲಿ ಪಂಪುಗಳೂ ಎರಡು. ಒಂದು ಭಾಗವನ್ನು ಬದಲಿಸುವವರು ಇಡೀ ಯಂತ್ರವನ್ನು ನೋಡಬೇಕೆಂಬ ಪಾಠ ಇಲ್ಲಿದೆ.

ಮೂರನೆಯ ಹೆಜ್ಜೆ ‘ಹಂಸ-ಎನ್‌ಜಿ’. 2021ರ ಸೆಪ್ಟೆಂಬರ್ 3ರಂದು ಇದು ಬೆಂಗಳೂರಿನಲ್ಲಿ ಮೊದಲು ಹಾರಿತು. ಇದರ ರೋಟ್ಯಾಕ್ಸ್ 912 ಐಎಸ್ ಮಾದರಿಯ ಎಂಜಿನ್ನಿನಲ್ಲಿ ಕಿಡಿಯ ಗಳಿಗೆ, ಇಂಧನದ ಅಳತೆ ಎರಡನ್ನೂ ಗಣಕವೇ ನಿರ್ಧರಿಸುತ್ತದೆ. ಇಲ್ಲಿ ವಿದ್ಯುತ್ತು ಇಲ್ಲದಿದ್ದರೆ ಎಂಜಿನ್ನೇ ಇಲ್ಲ. ಅದಕ್ಕೆಂದೇ ವಿನ್ಯಾಸಕಾರರು ನಿಯಂತ್ರಣದ ಎರಡು ಸಮಾನಾಂತರ ಮಾರ್ಗಗಳನ್ನಿಟ್ಟಿದ್ದಾರೆ. ಎಂಜಿನ್ನಿನೊಳಗೇ ಎರಡು ಜನರೇಟರುಗಳಿವೆ. ಒಂದು ಎಂಜಿನ್ನಿನ ಸೇವೆಗೆ ಮೀಸಲು, ಇನ್ನೊಂದು ವಿಮಾನದ ಉಳಿದ ಉಪಕರಣಗಳಿಗೆ. ಮೊದಲನೆಯದು ಕೆಟ್ಟರೆ ಎರಡನೆಯದು ತನ್ನ ಕೆಲಸ ಬಿಟ್ಟು ಎಂಜಿನ್ನಿನ ನೆರವಿಗೆ ಬರುತ್ತದೆ. ಎರಡೂ ಕೆಟ್ಟರೆ ಕೊನೆಯ ಆಸರೆಯಾಗಿ ಬ್ಯಾಟರಿಯಿಂದ ಸ್ವಲ್ಪ ಹೊತ್ತು ಓಡಿಸುವ ತುರ್ತು ಸ್ವಿಚ್ಚಿದೆ.

ಎಚ್‌ಟಿ-2ರಿಂದ ಹಂಸ-ಎನ್‌ಜಿಯವರೆಗಿನ ಈ ಎಪ್ಪತ್ತು ವರ್ಷಗಳನ್ನು ಒಟ್ಟಿಗೆ ನೋಡಿ. ಕಿಡಿ ಹುಟ್ಟುವ ಬಗೆ ಪೂರ್ತಿ ಬದಲಾಗಿದೆ. ಎರಡು ನಿಯಮಗಳು ಮಾತ್ರ ಅಲುಗಿಲ್ಲ. ಕಿಡಿಗೆ ಬೇಕಾದ ಶಕ್ತಿಯ ಮೂಲ ಎಂಜಿನ್ನಿನ ಒಳಗೇ ಇರಬೇಕು. ಒಂದು ಕೆಟ್ಟರೆ ಇನ್ನೊಂದು ಕಾಯಬೇಕು. ಈ ಎರಡನ್ನು ಉಳಿಸಿಕೊಂಡ ಹೊಸತು ಒಳ್ಳೆಯ ಹೊಸತು. ಇವನ್ನು ಕಳೆದುಕೊಂಡರೆ ಅದು ಎಷ್ಟೇ ಹೊಳೆದರೂ ಕೊರತೆಯದೇ.

ಹಳೆಯ ಎಂಜಿನ್ನಿನ ವಿಮಾನವನ್ನು ಇಟ್ಟುಕೊಂಡವರ ಮುಂದೆ ಇರುವ ಪ್ರಶ್ನೆ ಸ್ವಲ್ಪ ಬೇರೆ. ಅವರು ಎಂಜಿನ್ನನ್ನೇ ಬದಲಿಸಲಾರರು. ಅಂಥವರಲ್ಲಿ ಅನೇಕರು ಒಂದು ಮ್ಯಾಗ್ನೆಟೊವನ್ನು ಹಾಗೆಯೇ ಉಳಿಸಿಕೊಂಡು, ಇನ್ನೊಂದರ ಜಾಗದಲ್ಲಿ ಎಲೆಕ್ಟ್ರಾನಿಕ್ ಘಟಕವನ್ನು ಕೂರಿಸುತ್ತಾರೆ. ಇದು ಅಳುಕಿನ ಮಧ್ಯಮಾರ್ಗವೆಂದು ತೋರಬಹುದು. ಆದರೆ ಇದರ ಹಿಂದೆ ಗಟ್ಟಿಯಾದ ತರ್ಕವಿದೆ. ಎರಡು ವ್ಯವಸ್ಥೆಗಳೂ ಒಂದೇ ಬಗೆಯವಾಗಿದ್ದರೆ ಒಂದೇ ಕಾರಣಕ್ಕೆ ಎರಡೂ ಒಟ್ಟಿಗೆ ಕೆಡಬಹುದು. ಬೇರೆ ಬೇರೆ ಬಗೆಯವಾಗಿದ್ದರೆ, ಪಾಯಿಂಟು ಸವೆದ ದಿನ ಎಲೆಕ್ಟ್ರಾನಿಕ್ ಕಾಯುತ್ತದೆ, ವಿದ್ಯುತ್ತು ಹೋದ ದಿನ ಮ್ಯಾಗ್ನೆಟೊ ಕಾಯುತ್ತದೆ. ಲಾಭದ ದೃಷ್ಟಿಯಿಂದಲೂ ಇದು ನಷ್ಟವಲ್ಲ. ಗಳಿಗೆ ನೋಡಿಕೊಂಡು ಮೊದಲು ಹಾರುವ ಎಲೆಕ್ಟ್ರಾನಿಕ್ ಕಿಡಿಯೇ ಬೆಂಕಿಯನ್ನು ಹೊತ್ತಿಸುತ್ತದೆಯಾದ್ದರಿಂದ ಹೆಚ್ಚಿನ ಪ್ರಯೋಜನ ಒಂದನ್ನು ಬದಲಿಸಿದಾಗಲೇ ದೊರೆತಿರುತ್ತದೆ. ಎರಡನೆಯದನ್ನೂ ಬದಲಿಸಿದರೆ ಸಿಗುವ ಹೆಚ್ಚುವರಿ ಲಾಭ ಸಣ್ಣದು, ಕಳೆದುಕೊಳ್ಳುವ ಆಸರೆ ದೊಡ್ಡದು.

ಇಂತಹ ಆಯ್ಕೆಯ ಮುಂದೆ ನಿಂತವರು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನಮಗೆ ತೋರುತ್ತದೆ. ಮೊದಲನೆಯದು, ವಿಮಾನದ ವಿದ್ಯುತ್ತು ಸಂಪೂರ್ಣವಾಗಿ ಹೋದರೆ ಎಂಜಿನ್ನು ಎಷ್ಟು ಹೊತ್ತು ಓಡುತ್ತದೆ? ಉತ್ತರ ನಿಮಿಷಗಳಲ್ಲಿದ್ದರೆ, ಆ ನಿಮಿಷಗಳಲ್ಲಿ ಇಳಿಯಲು ಜಾಗ ಸಿಗುತ್ತದೆಯೇ? ಎರಡನೆಯದು, ವಿಮಾನ ಎಂತಹ ಕೆಲಸ ಮಾಡುತ್ತದೆ? ನಿಲ್ದಾಣದ ಸುತ್ತ ತಗ್ಗಿನಲ್ಲೇ ಸುತ್ತುವ ತರಬೇತಿ ವಿಮಾನಕ್ಕೆ ಗಳಿಗೆ ಬದಲಿಸುವ ಕಿಡಿಯಿಂದ ಇಂಧನದ ಉಳಿತಾಯ ಕಡಿಮೆ. ಎತ್ತರದಲ್ಲಿ ದೂರ ಸಾಗುವ ವಿಮಾನಕ್ಕೆ ಹೆಚ್ಚು. ಮೂರನೆಯದು, ಕೆಟ್ಟಾಗ ಸರಿಪಡಿಸುವವರು ಎಲ್ಲಿದ್ದಾರೆ? ಮ್ಯಾಗ್ನೆಟೊವನ್ನು ನುರಿತ ತಂತ್ರಜ್ಞ ಬಿಚ್ಚಿ, ಸವೆದ ಭಾಗ ಬದಲಿಸಿ, ಮತ್ತೆ ಜೋಡಿಸಬಲ್ಲ. ಮುಚ್ಚಿದ ಎಲೆಕ್ಟ್ರಾನಿಕ್ ಪೆಟ್ಟಿಗೆ ಕೆಟ್ಟರೆ ತಯಾರಕರಿಗೇ ಕಳಿಸಬೇಕಾದೀತು. ನಾಲ್ಕನೆಯದು, ಆ ಎಂಜಿನ್ನಿಗೆ, ಆ ವಿಮಾನಕ್ಕೆ ಆ ಬದಲಾವಣೆಯನ್ನು ಅಧಿಕಾರಿಗಳು ಒಪ್ಪಿದ್ದಾರೆಯೇ? ಒಪ್ಪಿಗೆಯ ಕಾಗದವಿಲ್ಲದೆ ಪ್ರಮಾಣಿತ ವಿಮಾನದಲ್ಲಿ ಯಾವುದನ್ನೂ ಬದಲಿಸುವಂತಿಲ್ಲ. ಈ ನಾಲ್ಕಕ್ಕೆ ಉತ್ತರ ದೊರೆತ ಮೇಲೆ ಬೆಲೆಯ ಮಾತು ಬರಲಿ. ಯಾವುದನ್ನೇ ಆರಿಸಿದರೂ ಹಾರುವ ಮುನ್ನ ಒಂದೊಂದನ್ನೇ ಆರಿಸಿ ಪರೀಕ್ಷಿಸುವ ಶಿಸ್ತು ಮಾತ್ರ ತಪ್ಪಬಾರದು.

ಬಂಧುಗಳೇ, ಇದೇ ವರ್ಷ ನಮ್ಮ ಪಾಲಕರ ಸಭೆಗಳಲ್ಲಿ ಇನ್ನೊಂದು ಆಯ್ಕೆಯ ಪ್ರಶ್ನೆ ಮತ್ತೆ ಮತ್ತೆ ಕೇಳಿಬಂದಿದೆ. ಸುತ್ತಲಿನ ಶಾಲೆಗಳಲ್ಲಿ ಸೆಮಿ-ಇಂಗ್ಲಿಷ್ ಬಂದಿದೆ, ನಮ್ಮಲ್ಲೂ ಗಣಿತ ವಿಜ್ಞಾನಗಳನ್ನು ಇಂಗ್ಲಿಷಿಗೆ ಬದಲಿಸಬಾರದೇಕೆ ಎಂದು ಪಾಲಕರು ಕೇಳುತ್ತಿದ್ದಾರೆ. ಅದು ಕಡೆಗಣಿಸುವ ಪ್ರಶ್ನೆಯಲ್ಲ. ಮಗನನ್ನು ಕೊಲ್ಹಾಪುರದ ಕಾಲೇಜಿಗೆ ಕಳಿಸಬೇಕಾದ ತಂದೆಯ ಕಳವಳವನ್ನು ನಾವು ಬಲ್ಲೆವು. ತರಗತಿಯ ಪಟ್ಟಿಯಲ್ಲಿ ಹೆಸರುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದನ್ನೂ ನಾವು ಕಾಣುತ್ತಿದ್ದೇವೆ. ಇಂದಿನ ವಿಷಯವನ್ನು ಆರಿಸಿಕೊಳ್ಳುವಾಗ ಈ ಪ್ರಶ್ನೆ ನಮ್ಮ ಮನಸ್ಸಿನಲ್ಲಿತ್ತೆಂಬುದನ್ನು ಮರೆಮಾಚುವುದಿಲ್ಲ.

ನಮ್ಮ ಉತ್ತರ ಇಷ್ಟು. ಮಕ್ಕಳಿಗೆ ಇಂಗ್ಲಿಷಿನ ಪಾರಿಭಾಷಿಕ ಪದಗಳು ಬೇಕು. ಎಂಟನೆಯ ತರಗತಿಯಿಂದ ಪ್ರತಿ ಪಾಠದ ಜೊತೆಗೆ ಅವನ್ನು ಕಲಿಸುವ ಏರ್ಪಾಡನ್ನು ಬರುವ ಜೂನ್‌ನಿಂದ ಆರಂಭಿಸುತ್ತೇವೆ. ಮರಾಠಿ ನಮ್ಮ ಮಕ್ಕಳಿಗೆ ಅಂಗಳದಲ್ಲೇ ಸಿಕ್ಕಿದೆ. ಅದು ಇನ್ನೂ ಗಟ್ಟಿಯಾಗಲಿ. ಆದರೆ ‘ಏಕೆ’ ಎಂದು ಕೇಳುವ, ತಿಳಿದದ್ದನ್ನು ಮನೆಯಲ್ಲಿ ಅಜ್ಜಿಗೆ ಬಿಡಿಸಿ ಹೇಳುವ ಶಕ್ತಿ ಮಗುವಿಗೆ ತನ್ನ ಮಾತಿನಿಂದಲೇ ಬರುತ್ತದೆ. ಅದನ್ನು ಕಿತ್ತು ಆ ಜಾಗದಲ್ಲಿ ಇನ್ನೊಂದನ್ನು ಕೂರಿಸಲು ನಾವು ಸಿದ್ಧರಿಲ್ಲ. ಅದರ ಪಕ್ಕದಲ್ಲಿ ಇನ್ನೊಂದನ್ನು ಕೂರಿಸಲು ಸಿದ್ಧರಿದ್ದೇವೆ. ಇದಕ್ಕೆ ಪಾಲಕರ ಒಪ್ಪಿಗೆಯೂ ಹಳೆಯ ವಿದ್ಯಾರ್ಥಿಗಳ ನೆರವೂ ಬೇಕು. ಎರಕದ ಕಾರ್ಖಾನೆಗಳಲ್ಲಿ, ಗ್ಯಾರೇಜುಗಳಲ್ಲಿ, ಸಕ್ಕರೆ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಬಂದು ತಮ್ಮ ಕೆಲಸವನ್ನು ಮಕ್ಕಳಿಗೆ ಕನ್ನಡದಲ್ಲಿ ವಿವರಿಸಲಿ, ಅದರ ಇಂಗ್ಲಿಷ್ ಹೆಸರುಗಳನ್ನೂ ಹೇಳಿಕೊಡಲಿ. ಹಳೆಯ ಸ್ಕೂಟರಿನ ಒಂದು ಮ್ಯಾಗ್ನೆಟೊ, ಹೊಸ ಬೈಕಿನ ಒಂದು ಸಿಡಿಐ ಪೆಟ್ಟಿಗೆ ಯಾರ ಬಳಿಯಾದರೂ ಬಳಕೆಯಾಗದೆ ಬಿದ್ದಿದ್ದರೆ ಪ್ರಯೋಗಶಾಲೆಗೆ ತಂದುಕೊಡಿ. ಮಕ್ಕಳು ಎರಡನ್ನೂ ಬಿಚ್ಚಿ ನೋಡಲಿ.

ಹಸೂರಚಂಪುವಿನ ಹುಡುಗನೊಬ್ಬ ವಿಮಾನ ಕಟ್ಟಿದ ನಾಡು ಇದು. ಇಲ್ಲಿ ಕುಳಿತಿರುವ ಮಕ್ಕಳಲ್ಲಿ ಯಾರು ಮುಂದೆ ಎಂತಹ ಎಂಜಿನ್ನಿಗೆ ಕಿಡಿ ಹಚ್ಚುವರೋ ಬಲ್ಲವರಾರು? ಅದಕ್ಕೆ ಬೇಕಾದ ತಿಳಿವಳಿಕೆಯನ್ನು ಕೊಟ್ಟು ಕಳಿಸುವುದು ನಮ್ಮ ಹೊಣೆ.